ಬಿಲ್ಲೂ ಇಳಿಯಲಿಲ್ಲ, ಹಿಟ್ಟೂ ಉಬ್ಬಲಿಲ್ಲ

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೆ ಒಂದು ಗ್ರೈಂಡರ್ ಬಂತು.

ಹೊತ್ತು ತಂದವರು ಎದುರು ಮನೆಯ ನಾಗರಾಜ್. ಅವರ ಹಿಂದೆ ಹೆಂಡತಿ ಶಶಿಕಲಾ, ಕೈಯಲ್ಲಿ ಗ್ರೈಂಡರಿನ ಕಲ್ಲು. ಕೊನೆಯಲ್ಲಿ ಶಶಿಕಲಾರ ತಾಯಿ ಪುಟ್ಟಮ್ಮನವರು. ಅವರ ಕೈಯಲ್ಲಿ ಏನೂ ಇರಲಿಲ್ಲ. ಅದೇ ವಿಚಿತ್ರವಾಗಿ ಕಂಡಿತು.

"ಇಟ್ಕೊಳಿ ಪೇಪರಿನೋರೆ. ನನ್ನ ಕೈಲಿ ಇನ್ನು ಆಗಕಿಲ್ಲ," ಎಂದರು ಅವರು, ವರದಿಗಾರನಾದ ನನಗೆ.

ಪುಟ್ಟಮ್ಮನವರು ಮಂಡ್ಯ ಕಡೆಯವರು. ಮಗಳ ಜೊತೆ ಇಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸ್ಯಾನ್ ಮಟೇಯೋದಲ್ಲಿ ನೆಲೆಸಿ ವರ್ಷಗಳಾದವು. ಶುಕ್ರವಾರ ರುಬ್ಬುತ್ತಾರೆ. ಶನಿವಾರ ಬೆಳಿಗ್ಗೆ ನಮ್ಮ ಬೀದಿಯ ಮೂರು ಮನೆಗಳಿಗೆ ಡಬ್ಬಿಯಲ್ಲಿ ಇಡ್ಲಿ ಹಿಟ್ಟು ಬರುತ್ತದೆ. ಅವರಿಗೆ ಫ್ರೀವೇ ಗೊತ್ತಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಶನಿವಾರ ಬೆಳಿಗ್ಗೆ ಈ ಬೀದಿ ಅವರದು.

(ಇಲ್ಲಿನ ಚಳಿಗೆ ಹಿಟ್ಟು ಸುಲಭವಾಗಿ ಹುಳಿ ಬರುವುದಿಲ್ಲ. ಅದಕ್ಕೆ ಬೇ ಏರಿಯಾದ ಕನ್ನಡದ ಮನೆಗಳು ಕಂಡುಕೊಂಡ ಉಪಾಯ ನಿಮಗೆ ಗೊತ್ತೇ ಇದೆ. ಅವನ್‌ನಲ್ಲಿ ನಾವು ಕೇಕ್ ಮಾಡುವುದಿಲ್ಲ, ಬಾಣಲೆ ಜೋಡಿಸಿಡುತ್ತೇವೆ. ಹಿಟ್ಟಿನ ಪಾತ್ರೆಯನ್ನು ಅದರೊಳಗಿಟ್ಟು, ಅವನ್ ಹಚ್ಚದೆ ಬರೀ ಒಳಗಿನ ಲೈಟ್ ಹಾಕಿ ಮಲಗುತ್ತೇವೆ.)

ಆದರೆ ಒಂದು ತಿಂಗಳಿಂದ ಹಿಟ್ಟು ಉಬ್ಬಿರಲಿಲ್ಲ. ಇಡ್ಲಿ ತಟ್ಟೆಗೆ ಬಿದ್ದರೆ ಸದ್ದು ಕೇಳುತ್ತಿತ್ತು. ಪುಟ್ಟಮ್ಮನವರು ಉದ್ದಿನಬೇಳೆ ಬದಲಾಯಿಸಿದರು, ಮೆಂತ್ಯ ಹಾಕಿದರು, ನೀರು ಕಡಿಮೆ ಮಾಡಿದರು. ಏನೂ ನಡೆಯಲಿಲ್ಲ. ಆ ಬೆಳಿಗ್ಗೆ ಮೊಮ್ಮಗಳು ತಟ್ಟೆ ಸರಿಸಿ ಹೇಳಿದ್ದಳಂತೆ: "ಅಜ್ಜಿ, ಲೆಟ್ಸ್ ಜಸ್ಟ್ ಬೈ ಇಟ್."

ಅಷ್ಟೇ. ಗ್ರೈಂಡರ್ ಬೀದಿ ದಾಟಿತು.

"ಕೈಗುಣ ಹೊಂಟೋಯ್ತು ಕಣಪ್ಪ," ಎಂದರು ಪುಟ್ಟಮ್ಮನವರು. ಅಳಲಿಲ್ಲ. ಹವಾಮಾನ ವರದಿ ಓದಿದ ಹಾಗೆ ಹೇಳಿದರು.

ಕಾಫಿ ಕೊಟ್ಟೆ. ಮಾತು ಬದಲಿಸಲು ನಾಗರಾಜ್ ಅವರ ಇಷ್ಟದ ವಿಷಯ ತೆಗೆದೆ: ಕರೆಂಟ್ ಬಿಲ್ಲು. ಆ ವಾರದ ಅಂಕಣಕ್ಕೂ ಅದೇ ಬೇಕಿತ್ತು. ಎಲ್ಲರ ಮನೆಯಲ್ಲೂ ಬಿಲ್ಲು ಏರುತ್ತಿದೆ. ನಾಗರಾಜ್ ಮಾತ್ರ ಅದರ ಮೇಲೆ ಯುದ್ಧ ಸಾರಿದ್ದಾರೆ.

"ಮೊದಲು ಸಪ್ಲೈಯರ್ ಯಾರು ಅಂತ ಡಿಸೈಡ್ ಮಾಡ್ಬೇಕು ಸಾರ್. ತಂತಿ ಒಬ್ಬರದು, ಕರೆಂಟು ಇನ್ನೊಬ್ಬರದು. ಕೌಂಟಿಯ ಸಂಸ್ಥೆ ಕೊಡೋದು ಬೇಕಾ, ಹಳೇ ಕಂಪನಿಗೆ ವಾಪಸ್ ಹೋಗ್ಬೇಕಾ, ಇಲ್ಲಾ ಸ್ವಲ್ಪ ಜಾಸ್ತಿ ಕೊಟ್ಟು ಪೂರ್ತಿ ಬಿಸಿಲು, ಗಾಳಿದೇ ತಗೋಬೇಕಾ? ಒಂದು ತಿಂಗಳಿಂದ ಕಂಪೇರ್ ಮಾಡ್ತಿದೀನಿ."

"ಮೂರಕ್ಕೂ ಬೇರೆ ಬೇರೆ ತಂತಿ ಎಳೀತಾರಾ ಅಳಿಯಂದ್ರೆ?" ಪುಟ್ಟಮ್ಮನವರು ಮೊದಲ ಸಲ ತಲೆ ಎತ್ತಿದರು.

"ಇಲ್ಲ ಅತ್ತೆ, ಒಂದೇ ತಂತಿ."

"ಮತ್ತೆ ನಮ್ಮದು ಯಾವ್ದು ಅಂತ ಹೆಂಗೆ ಗೊತ್ತಾಯ್ತದೆ?"

"ಗೊತ್ತಾಗಲ್ಲ."

"ಓ. ಡೈರಿ ಕ್ಯಾನು." ಅವರ ಮುಖ ಅರಳಿತು. "ಎಲ್ಲರ ಹಸಿನ ಹಾಲೂ ಒಂದೇ ಕ್ಯಾನಿಗೆ."

ವಿದ್ಯುತ್ ಜಾಲದ ಬಗ್ಗೆ ನಾನು ಎಷ್ಟೋ ಸಲ ವರದಿ ಮಾಡಿದ್ದೇನೆ. ಆದರೂ ಆ ಕ್ಷಣ ಅದು ಹೊಸದಾಗಿ ಕಂಡಿತು. ಮರುಭೂಮಿಯ ಮೇಲೆ ಬಿದ್ದ ಬಿಸಿಲು, ಆಲ್ಟಮಾಂಟ್ ಗುಡ್ಡಗಳ ಗಾಳಿ, ಉತ್ತರದಲ್ಲಿ ನೆಲದೊಳಗಿಂದ ಏಳುವ ಹಬೆ. ಎಲ್ಲ ಒಂದೇ ಕ್ಯಾನಿಗೆ ಬಿದ್ದು, ನಾವು ಸ್ವಿಚ್ ಒತ್ತಿದ ಗಳಿಗೆಗೆ ಸರಿಯಾಗಿ ಅಡುಗೆಮನೆಗೆ ಬಂದು ನಿಲ್ಲುತ್ತವೆ. ಇದಕ್ಕಿಂತ ದೊಡ್ಡ ಸೋಜಿಗ ಯಾವುದಿದೆ? ನಾವು ಬಿಲ್ಲು ನೋಡಿದಾಗ ಮಾತ್ರ ಬಾಯಿ ಬಿಡುತ್ತೇವೆ.

"ಇನ್ನೇನು ಬದಲಾಯಿಸಿದಿರಿ?" ಎಂದೆ. ವರದಿಗಾರನ ಮಾಮೂಲಿ ಪ್ರಶ್ನೆ.

ನಾಗರಾಜ್ ಉತ್ಸಾಹದಿಂದ ಹೇಳುತ್ತಾ ಹೋದರು. ಸಂಜೆ ನಾಲ್ಕರಿಂದ ಒಂಬತ್ತು ದುಬಾರಿ ಹೊತ್ತು, ಹಾಗಾಗಿ ಗ್ರೈಂಡರ್ ಮಧ್ಯಾಹ್ನವೇ. ಬಟ್ಟೆ ಒಗೆಯೋದು ವೀಕೆಂಡು. "ಆಮೇಲೆ ಬಲ್ಬು. ಪೂರ್ತಿ ಎಲ್‌ಇಡಿ ಸಾರ್. ಒಂದೂ ಬಿಟ್ಟಿಲ್ಲ. ಅವನ್ ಒಳಗಿಂದೂ!"

ಶಶಿಕಲಾ ಕಾಫಿ ಲೋಟ ಕೆಳಗಿಟ್ಟರು.

"ಅವನ್ ಒಳಗಿಂದಾ? ಯಾವಾಗ?"

"ಹೋದ ತಿಂಗಳು. ಯಾಕೆ?"

"ಎಲ್‌ಇಡಿ ಬಿಸಿನೇ ಆಗಲ್ವಲ್ರೀ!"

ಶಶಿಕಲಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಬಯೋಟೆಕ್ ಲ್ಯಾಬ್ ಒಂದರಲ್ಲಿದ್ದಾರೆ. ಜೀವಕೋಶಗಳನ್ನು ಹದವಾದ ಬಿಸಿಯಲ್ಲಿ ಬೆಳೆಸುವುದೇ ಕೆಲಸ. "ಆಫೀಸಲ್ಲಿ ದಿನವೆಲ್ಲಾ ಟೆಂಪರೇಚರ್ ನೋಡ್ತೀನಿ, ಮನೇಲಿ ಇದು ಹೊಳೀಲಿಲ್ವಲ್ಲ," ಎಂದು ಹಣೆ ಚಚ್ಚಿಕೊಂಡರು. ನಾವೆಲ್ಲ ನಕ್ಕೆವು.

ಪುಟ್ಟಮ್ಮನವರು ನಗಲಿಲ್ಲ.

"ಅಂದ್ರೆ ಇಷ್ಟು ವರ್ಷ ಹಿಟ್ಟು ಉಬ್ಬಿಸಿದ್ದು ನಾನಲ್ಲ. ಆ ಬಲ್ಬು."

ಅವರು ಎದ್ದು ಹೋದರು. ಗ್ರೈಂಡರ್ ನಮ್ಮಲ್ಲೇ ಉಳಿಯಿತು.

ಆ ಮಾತು ವಾರವಿಡೀ ಕಾಡಿತು. ಒಂದು ಹೇಳಿಕೆ ಬಂದಾಗ ಪರಿಶೀಲಿಸದೆ ಅಚ್ಚಿಗೆ ಕಳಿಸಬಾರದು ಎಂಬುದು ಸುದ್ದಿಮನೆಯ ಮೊದಲ ಪಾಠ. ಶುಕ್ರವಾರ ಮಧ್ಯಾಹ್ನ ಗ್ರೈಂಡರ್ ಹೊತ್ತುಕೊಂಡು ನಾನೇ ಬೀದಿ ದಾಟಿದೆ. (ಸೊಂಟ ಇನ್ನೂ ನೋಯುತ್ತಿದೆ.) ನಾಗರಾಜ್ ಗರಾಜಿನಿಂದ ಹಳೆಯ ಬಲ್ಬು ಹುಡುಕಿ ತಂದು ಹಾಕಿದ್ದರು.

"ಒಂದೇ ಒಂದು ಸಲ ಅಮ್ಮಾ. ಅರ್ಧ ನೀವು ಕಲಸಿ, ಅರ್ಧ ನಾನು," ಎಂದೆ.

ಶಶಿಕಲಾ ನೆನೆಹಾಕಿಟ್ಟಿದ್ದ ಅಕ್ಕಿ, ಬೇಳೆಯನ್ನು ಪುಟ್ಟಮ್ಮನವರು ಗೊಣಗುತ್ತಲೇ ರುಬ್ಬಿದರು. ಹಿಟ್ಟನ್ನು ಅಳೆದು, ಒಂದೇ ಅಳತೆಯ ಎರಡು ಪಾತ್ರೆಗಳಿಗೆ ಸುರಿದೆವು. ಉಪ್ಪನ್ನೂ ಅಳೆದೆವು. ನಾನು ಸೌಟಿನಲ್ಲಿ ಕಲಸಿದೆ. ಅವರು ಬಳೆ ಹಿಂದಕ್ಕೆ ಸರಿಸಿ, ಮಣಿಕಟ್ಟಿನವರೆಗೆ ಕೈ ಇಳಿಸಿ, ಕಿಟಕಿಯಾಚೆ ನೋಡುತ್ತಾ ಕಲಸಿದರು. ಎರಡೂ ಪಾತ್ರೆ ಪಕ್ಕಪಕ್ಕ ಅವನ್ ಸೇರಿದವು.

ಬೆಳಿಗ್ಗೆ ಹೋದಾಗ ಮನೆಯವರೆಲ್ಲ ಅವನ್ ಮುಂದಿದ್ದರು. ನಾಗರಾಜ್ ಬಾಗಿಲು ತೆಗೆದರು.

ನನ್ನ ಹಿಟ್ಟೂ ಉಬ್ಬಿತ್ತು. ದೂರುವಂತಿರಲಿಲ್ಲ. ಪುಟ್ಟಮ್ಮನವರದು ಮುಚ್ಚಳವನ್ನು ಎತ್ತಿ ಪಕ್ಕಕ್ಕೆ ತಳ್ಳಿ, ಅಂಚಿನಿಂದ ಇಳಿದು, ಕೆಳಗಿನ ಬಾಣಲೆಯವರೆಗೂ ಹೋಗಿತ್ತು. ನೋಡುತ್ತಿದ್ದಂತೆಯೇ ಒಂದು ಗುಳ್ಳೆ ಎದ್ದು ಒಡೆಯಿತು.

"ಅಜ್ಜಿ! ಇಟ್ಸ್ ಅಲೈವ್!" ಮೊಮ್ಮಗಳು ಕಿರುಚಿದಳು.

"ದೊಡ್ಡ ಪಾತ್ರೆ ಇಡ್ಬೇಕಿತ್ತು," ಎಂದರು ಪುಟ್ಟಮ್ಮನವರು, ಏನೂ ಆಗದವರಂತೆ. ಇಡ್ಲಿ ತಟ್ಟೆಗೆ ಎಣ್ಣೆ ಸವರಲು ಆಗಲೇ ಶುರು ಮಾಡಿದ್ದರು.

ಕೈಯ ಬಿಸಿ ಇರಬಹುದು, ಕೈಯಲ್ಲಿನ ಸೂಕ್ಷ್ಮಜೀವಿಗಳಿರಬಹುದು ಎಂದರು ಶಶಿಕಲಾ. ಒಂದೇ ಸಲದ ಪ್ರಯೋಗ, ಖಚಿತವಾಗಿ ಹೇಳಲಾಗದು ಎಂದೂ ಸೇರಿಸಿದರು. ಒಪ್ಪಿದೆ.

ಇಡ್ಲಿ ತಿನ್ನುವಾಗ ನಾಗರಾಜ್ ಕೇಳಿದರು: "ಕೊನೆಗೆ ಯಾರ ಕರೆಂಟ್ ತಗೊಳ್ಳೋಣ ಅತ್ತೆ?"

"ಯಾರ್ದಾದ್ರೂ ತಗೊಳಿ. ಆ ಬಲ್ಬು ಮಾತ್ರ ಮುಟ್ಬೇಡಿ."

ಒಂದೇ ತಂತಿ. ಒಂದೇ ಬಲ್ಬು. ಒಂದೇ ಹಿಟ್ಟು. ಹಾಗಾದರೆ ಆ ಮುಚ್ಚಳ ಎತ್ತಿದ್ದು ಯಾರು?