ದೊರೈರಾಜ್ ಮಾಸ್ಟರ ಸಿಂಥಸೈಜರ್ ಒಳಗಿರುವುದು

ಮಾಸ್ಟರ್, ನಿಮ್ಮ ಸಿಂಥಸೈಜರ್ ಸತ್ತು ಆರೇಳು ವರ್ಷವಾಯಿತು. ಕೊಂದವಳು ನಾನು. ಈಗ ಅದರ ಮರದ ಹೊಟ್ಟೆಯೊಳಗೆ ಕೂತು ಹಾಡುತ್ತಿರುವುದು ಬೇರೆಯದೇ — ಊಟದ ಡಬ್ಬಿಯಷ್ಟಿರುವ, ಕೊರಿಯರ್‌ನಲ್ಲಿ ತರಿಸಿದ ಹೊಸ ಯಂತ್ರ.

ಹೇಳಬೇಕೆಂದು ಎಷ್ಟೋ ಸಲ ಚಾಂಪಿಯನ್ ರೀಫ್ಸ್‌ನ ನಿಮ್ಮ ಮನೆಗೆ ಬಂದೆ. ನಿಮ್ಮ ಮನೆಯಾಕೆ ಸೆಲ್ವಿಯಕ್ಕ ಕಾಫಿ ಕೊಡುತ್ತಿದ್ದರು. ಕುಡಿದು, ಲೋಟ ತೊಳೆದಿಟ್ಟು, ಬಂಗಾರಪೇಟೆ ಬಸ್ಸು ಹತ್ತುತ್ತಿದ್ದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಚಿನ್ನದ ಗಣಿ ಮುಚ್ಚಿದ ಮೇಲೆ ದೊರೈರಾಜ್ ಮಾಸ್ಟರು ಆರ್ಕೆಸ್ಟ್ರಾ ಕಟ್ಟಿದರು. ನಮ್ಮ ಕಡೆಯ ಕಲ್ಯಾಣಮಂಟಪಗಳಲ್ಲಿ ಅವರ ಸಿಂಥಸೈಜರ್ ಇಲ್ಲದ ರಿಸೆಪ್ಷನ್ನಿಗೆ ಒಂದು ಕಾಲದಲ್ಲಿ ಮರ್ಯಾದೆಯೇ ಇರಲಿಲ್ಲ. ಅದು ಈಗಿನ ಕೀಬೋರ್ಡಿನಂತೆ ರೆಕಾರ್ಡ್ ಮಾಡಿಟ್ಟ ದನಿಯನ್ನು ಒಪ್ಪಿಸುವ ಯಂತ್ರವಲ್ಲ. ಕರೆಂಟನ್ನೇ ಹಿಡಿದು ಆಗಿಂದಾಗಲೇ ದನಿ ಹುಟ್ಟಿಸುವ ಹಳೆಯ ಅನಲಾಗ್. ಬಿಸಿಯಾದಂತೆ ಅದರ ಶ್ರುತಿ ಜಾರುತ್ತಿತ್ತು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಹಚ್ಚಿಟ್ಟು, ಅದು ಕಾಯುವ ತನಕ ಇಡೀ ತಂಡ ಟೀ ಕುಡಿಯುತ್ತಾ ಕಾಯಬೇಕು. ಅದರ ಗುಂಡಿಗಳ ಜಾಗಕ್ಕೆ ಮಾಸ್ಟರು ನೈಲ್ ಪಾಲಿಶ್ ಗುರುತು ಹಾಕಿದ್ದರು. ಶ್ರುತಿಯ ಗುಂಡಿಯೊಂದನ್ನು ಬಿಟ್ಟು ಉಳಿದವನ್ನು ಅವರೂ ಮುಟ್ಟುತ್ತಿರಲಿಲ್ಲ.

ನಾನು? ಹಾಲು ಹಾಕುವವರ ಮಗಳು, ನಮ್ಮ ವಂಶದಲ್ಲಿ ಮೊದಲ ಡಿಗ್ರಿ — ಬಿ.ಎಸ್ಸಿ. ಎಲೆಕ್ಟ್ರಾನಿಕ್ಸ್. ಪದವಿಯ ಫೋಟೋವನ್ನು ಅಮ್ಮ ದೇವರ ಫೋಟೋಗಳ ಸಾಲಿನಲ್ಲೇ ತೂಗುಹಾಕಿ ದಿನಾ ಊದುಬತ್ತಿ ಬೆಳಗುತ್ತಿದ್ದಳು. ಬಂಗಾರಪೇಟೆಯ ಯುಪಿಎಸ್ ರಿಪೇರಿ ಅಂಗಡಿಯಲ್ಲಿ ಕೆಲಸ. ಮದುವೆ ಮುಯ್ಯಿಯ ಕವರಿನ ಮೇಲೂ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಬರೆಯುತ್ತಿದ್ದೆ. ಯಂತ್ರ ನೋಡಿಕೊಳ್ಳಲು ನನ್ನನ್ನು ಕರೆದ ನೀವೂ "ನಮ್ಮ ಬಿಯೆಸ್ಸಿ ಪಾಪಾ" ಎಂದೇ ಎಲ್ಲರಿಗೂ ಪರಿಚಯಿಸುತ್ತಿದ್ದಿರಿ. ನಾನು ಉಬ್ಬುತ್ತಿದ್ದೆ.

ಆ ಆಯುಧಪೂಜೆಯ ಬೆಳಿಗ್ಗೆ ನೀವು ಬೂದುಗುಂಬಳ ತರಲು ಹೋಗಿದ್ದಿರಿ. ಯಂತ್ರಕ್ಕೆ ಗಂಧ, ಕುಂಕುಮ ಇಡು ಎಂದು ನನಗೆ ಹೇಳಿದ್ದಿರಿ. ಹೊರಗೆ ಇಟ್ಟರೆ ಸಾಕಿತ್ತು. ಆದರೆ ಹೊರಗೆ ಯಾರು ಬೇಕಾದರೂ ಇಡುತ್ತಾರೆ — ದುಡಿಯುವುದು ಒಳಗಿನದು, ಅದು ಗೊತ್ತಿರುವವಳು ಕೇರಿಯಲ್ಲಿ ನಾನೊಬ್ಬಳೇ. ಹಿಂದಿನ ಹಲಗೆ ಬಿಚ್ಚಿ, ಧೂಳು ಹೊಡೆದು, ಒಂದೊಂದು ಭಾಗಕ್ಕೂ ಹೆಸರು ಹೇಳಿಕೊಂಡು ಹಸಿ ಗಂಧ ಹಚ್ಚಿದೆ. ಯಾವುದಕ್ಕೂ ಬೇಜಾರಾಗಬಾರದಲ್ಲ. ಆಮೇಲೆ, ಒಣಗುವಷ್ಟೂ ತಾಳ್ಮೆಯಿಲ್ಲದೆ, ಸ್ವಿಚ್ ಹಾಕಿದೆ.

ಪಟ್ ಎಂದಿತು. ಹೊಗೆ ಎದ್ದಿತು.

ಅದೇ ಹೊತ್ತಿಗೆ ಸೆಲ್ವಿಯಕ್ಕ ಮನೆಯೆಲ್ಲ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು. ಆ ಹೊಗೆಯೊಳಗೆ ಈ ಹೊಗೆ ಸೇರಿಹೋಯಿತು. ನೀವು ಕುಂಬಳಕಾಯಿ ಹೊತ್ತು ಒಳಗೆ ಬಂದವರು ಮೂಗೆಳೆದು, "ಏನ್ ಸೆಲ್ವಿ, ಸಾಂಬ್ರಾಣಿ ಅಂಗಡಿ ಬದಲಾಯಿಸ್ದಾ? ಗಮಗಮ ಅಂತೈತೆ" ಎಂದಿರಿ. ನಾನು ಆಗ ಬಾಯಿ ಬಿಡಬೇಕಿತ್ತು. ಬಿಟ್ಟೆ, ನಿಜ — ಸರ್ವಿಸ್‌ಗೆ ಒಯ್ಯುತ್ತೇನೆ ಎನ್ನುವುದಕ್ಕೆ.

ಸುಟ್ಟ ಚಿಪ್‌ಗಳ ಬದಲಿಗೆ ಹಾಕಲು ಬೇರೆಯವು ಎಲ್ಲೂ ಸಿಗಲಿಲ್ಲ. ಹುಡುಕುವಾಗಲೇ ಗೊತ್ತಾಗಿದ್ದು: ಆ ಹಳೆಯ ದನಿಗೆ ಹಂಬಲಿಸುವವರು ಲೋಕದ ತುಂಬಾ ಇದ್ದಾರೆ. ಅವರಿಗಾಗಿ ಅದೇ ಸರ್ಕಿಟ್ಟನ್ನು ಮತ್ತೆ ಹೊಸದಾಗಿ, ಚಿಕ್ಕದಾಗಿ ಮಾಡಿ ಮಾರುತ್ತಾರೆ. ಒಂದನ್ನು ತರಿಸಿ ಒಳಗೆ ಕೂರಿಸಿದೆ. ನೀವು ಬೆರಳಿಟ್ಟು ನುಡಿಸುವ ಹಳೆಯ ಮನೆಗಳಿಂದ, ಶ್ರುತಿಯ ಗುಂಡಿಯಿಂದ ಅದಕ್ಕೆ ತಂತಿ ಎಳೆದೆ. ಉಳಿದ ಗುಂಡಿಗಳು ನೈಲ್ ಪಾಲಿಶ್ ಹಚ್ಚಿಕೊಂಡು ಅಂದಿನಿಂದ ಸುಮ್ಮನೆ ಕೂತಿವೆ. ದನಿ ಮಾತ್ರ ಅದೇ. ಆಣೆ ಮಾಡಿ ಹೇಳುತ್ತೇನೆ, ಅದೇ.

ತೊಂದರೆ ಒಂದೇ: ಹೊಸದರ ಶ್ರುತಿ ಜಾರುವುದಿಲ್ಲ. ಮೂರು ರಿಸೆಪ್ಷನ್ ಆದ ಮೇಲೆ ನೀವು ಮಂಕಾದಿರಿ. "ಇದಕ್ಕೆ ಕೋಪಾನೇ ಬತ್ತಿಲ್ಲ ಪಾಪಾ, ಏನೋ ಕಾಯಿಲೆ" ಎಂದು ಅದರ ಕಾಲಿಗೆ ನಿಂಬೆಹಣ್ಣು ಕಟ್ಟಿಸಿದಿರಿ. ಊಟವೂ ಸರಿಯಾಗಿ ಸೇರುತ್ತಿಲ್ಲ ಎಂದರು ಸೆಲ್ವಿಯಕ್ಕ. ಕೊನೆಗೆ ನಾನು ಹಿಂದಿನ ಹಲಗೆಗೆ ತೂತು ಕೊರೆದು ಇನ್ನೊಂದು ಗುಂಡಿ ಇಟ್ಟೆ. ಪ್ರತಿ ಕಾರ್ಯಕ್ರಮದಲ್ಲೂ ಯಂತ್ರದ ಹಿಂದೆ ಸ್ಟೂಲು ಹಾಕಿಕೊಂಡು ಕೂತು, ಕೂದಲೆಳೆಯಷ್ಟು ತಿರುಗಿಸಿ ಶ್ರುತಿ ಕೆಡಿಸುತ್ತಿದ್ದೆ. ಮುಂದೆ ಕೂತ ನೀವು "ಬಂತು ನೋಡು ಕೋಪ" ಎಂದು ನಗುತ್ತಾ ಸರಿಮಾಡುತ್ತಿದ್ದಿರಿ. ನಾನು ಕೆಡಿಸುವುದು, ನೀವು ಸರಿಮಾಡುವುದು — ಇದಕ್ಕೆ ಸಂಭಾವನೆ ಬೇರೆ. ಒಮ್ಮೆ ತೂಕಡಿಸಿ ಜಾಸ್ತಿ ತಿರುಗಿಸಿಬಿಟ್ಟೆ. ಹಾಡುವವನು ಶ್ರುತಿಯ ಹಿಂದೆ ಏರಿ ಏರಿ ಗಂಟಲು ಕಟ್ಟಿಸಿಕೊಂಡ. ನೀವು ಮಾತ್ರ ವಾರವಿಡೀ ಆ ಕೋಪದ ಕಥೆ ಹೇಳಿಕೊಂಡು ತಿರುಗಿದಿರಿ.

ಇಷ್ಟೇ ಆಗಿದ್ದರೆ ಹೇಗೋ ನಗುತ್ತಾ ಸಾಯುವ ತನಕ ಮುಚ್ಚಿಡುತ್ತಿದ್ದೆನೇನೋ. ಆದರೆ ಹೋದ ತಿಂಗಳು —

ಈಚೆಗೆ ನಿಮ್ಮ ಬೆರಳು ನಡುಗುತ್ತದೆ. ನಿಮ್ಮ ಜಾಗಕ್ಕೆ ಒಬ್ಬರು ಬೇಕೆಂದು ಹೇಳಿ ಕಳಿಸಿದ್ದಿರಿ. ಪಕ್ಕದ ಕೋರಮಂಡಲಿನಿಂದ ನಂದಿನಿ ಬಂದಳು. ದಿನಾ ಬೆಳಿಗ್ಗೆ ರೈಲು ಹತ್ತಿ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ. ಚೀಟಿ ಹಾಕಿ ಒಂದು ಯಂತ್ರ ತರಿಸಿಕೊಂಡಿದ್ದಳು. ಅವಳು ಚೀಲದಿಂದ ತೆಗೆದಾಗಲೇ ಗುರುತು ಹಿಡಿದೆ. ನಾನು ಕೊರಿಯರ್‌ನಲ್ಲಿ ತರಿಸಿದ್ದೇ — ಬಣ್ಣವೂ ಅದೇ.

ಅದಕ್ಕೊಂದು ಪುಟ್ಟ ಕೀಬೋರ್ಡು ಸಿಕ್ಕಿಸಿ ಚೆನ್ನಾಗಿ ನುಡಿಸಿದಳು. ನೀವು ಕಣ್ಣು ಮುಚ್ಚಿ ಕೇಳಿ, "ಬೆರಳು ಚೆನ್ನಾಗವೆ. ಆದ್ರೆ ಇದು ಬೊಂಬೆ ಕಣಮ್ಮ, ಉಸಿರಿಲ್ಲ" ಎಂದಿರಿ. ಅದೇ ಹಾಡನ್ನು ನಿಮ್ಮದರಲ್ಲಿ ನುಡಿಸಿ, "ಕೇಳ್ದಾ? ಇದು ಉಸಿರು" ಎಂದಿರಿ. ಅವಳು ಮೆಲ್ಲಗೆ, ನನಗೆ ಎರಡೂ ಒಂದೇ ಥರ ಕೇಳಿಸಿತು ಮಾಸ್ಟರ್, ಎಂದಳು. ನಿಮಗೆ ರೇಗಿತು. ಕಿವಿ ಇಲ್ಲದವರು ಆರ್ಕೆಸ್ಟ್ರಾಕ್ಕೆ ಯಾಕೆ ಎಂದಿರಿ. ಆಮೇಲೆ ನನ್ನ ಕಡೆ ತಿರುಗಿದಿರಿ.

"ನಮ್ಮ ಬಿಯೆಸ್ಸಿ ಪಾಪಾನ್ನೇ ಕೇಳಾನ. ಹೇಳಮ್ಮ, ಎರಡೂ ಒಂದೇನಾ?"

ಆ ಕೋಣೆಯಲ್ಲಿ ಸರಿಯಾದ ಕಿವಿ ಇದ್ದದ್ದು ಅವಳೊಬ್ಬಳಿಗೆ. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ.

"ಎಲ್ಲಾದರೂ ಉಂಟೇ ಮಾಸ್ಟರ್," ಎಂದೆ ನಾನು. "ಅಜಗಜಾಂತರ."

ನಂದಿನಿ ವಾದ ಮಾಡಲಿಲ್ಲ. "ಸರಿ ಬುಡಿ ಅಕ್ಕ, ಓದಿರೋರು ನೀವೇ ಅಂದ್ಮೇಲೆ ಮುಗೀತು" ಎಂದು ತಂತಿ ಸುತ್ತಿಕೊಂಡು ಹೋದಳು. ಅಷ್ಟು ಕಷ್ಟಪಟ್ಟು ಓದಿದ್ದು ಇದಕ್ಕಾ — ಒಬ್ಬ ಹುಡುಗಿಯ ಕಿವಿಯನ್ನು ಸುಳ್ಳು ಮಾಡುವುದಕ್ಕಾ —

ಅವಳು ಯಂತ್ರ ಮಾರಲು ಇಟ್ಟಿದ್ದಾಳೆಂದು ತಿಳಿದು ನಿನ್ನೆ ಕೋರಮಂಡಲ್ ಸ್ಟೇಷನ್ನಿನಲ್ಲಿ ಕಾದು ನಿಂತೆ. ರೈಲಿಳಿದು ಬಂದವಳಿಗೆ ಎಲ್ಲ ಹೇಳಿದೆ. ಸಾಂಬ್ರಾಣಿಯವರೆಗೆ ನಕ್ಕಳು. ಆಮೇಲೆ ನಗಲಿಲ್ಲ. "ನಂಗ್ ಹೇಳಿ ಏನ್ ಬಂತಕ್ಕ? ನನ್ ಕಿವಿ ಸರಿಯಾಗೈತೆ ಅಂತ ನಂಗ್ ಗೊತ್ತು. ಅವ್ರಿಗ್ ಹೇಳಿ" ಎಂದಳು.

ಮಾಸ್ಟರ್, ನೀವು ಓದಿದ್ದು ತಮಿಳು ಶಾಲೆಯಲ್ಲಿ. ನಿಮಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಹಾಗಾಗಿ ಇದನ್ನು ಅಂಚೆಗೆ ಹಾಕಿ ತಪ್ಪಿಸಿಕೊಳ್ಳಲು ನನಗೆ ಆಗುವುದಿಲ್ಲ. ಭಾನುವಾರ ನಂದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮೆದುರಿಗೆ, ನಾನೇ ಗಟ್ಟಿಯಾಗಿ ಓದುತ್ತೇನೆ. ಒಂದು ಸಾಲನ್ನೂ ಬಿಡುವುದಿಲ್ಲ.