ನಪಾಚಿ ಕಂಡ ಚುಕ್ಕಿಗಳು

ಇಕಾಲುಲಿಕ್ ಊರಿನಲ್ಲಿ ನಪಾಚಿಯನ್ನು ಪುಕ್ಕಲಿ ಎಂದು ಕರೆಯಲು ಯಾರಿಗೂ ಸಂಕೋಚವಿರಲಿಲ್ಲ. ಅವಳಿಗೂ ಅದರ ಬೇಸರವಿರಲಿಲ್ಲ. ಉತ್ತರ ಧ್ರುವದ ಹತ್ತಿರದ ಬ್ಯಾಫಿನ್ ದ್ವೀಪದ ದಕ್ಷಿಣ ದಂಡೆಯಲ್ಲೇ ಹುಟ್ಟಿ, ಸೀಲ್ ಮಾಂಸ ತಿಂದೇ ಬೆಳೆದ ಐವತ್ತನಾಲ್ಕರ ಹೆಂಗಸು; ಆದರೆ ಒಂಬತ್ತನೇ ವಯಸ್ಸಿನಿಂದ ಈಚೆಗೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಒಮ್ಮೆಯೂ ಕಾಲಿಟ್ಟವಳಲ್ಲ. ಊರಿನ ಹೆಂಗಸರೆಲ್ಲ ವಸಂತದಲ್ಲಿ ಮಂಜುಗಡ್ಡೆಯ ಮೇಲೆ ತೂತು ಕೊರೆದು ಮೀನು ಹಿಡಿಯಲು ಹೋದರೆ, ಅವಳು ದಡದ ಬಂಡೆಯ ಮೇಲೆ ಕೂತು ಅವರ ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು.

ಅವಳಿಗೆ ಒಂಬತ್ತಾಗಿದ್ದಾಗ ಅಪ್ಪ ಟುಕಿಕಿ ಒಂದು ಬೆಳಿಗ್ಗೆ ಬೇಟೆಗೆ ಹೋಗಿದ್ದ. ಅವನು ನಿಂತಿದ್ದ ಗಡ್ಡೆ ದಡದಿಂದ ಕಿತ್ತುಕೊಂಡು ತೇಲಿಹೋಯಿತು. ಅವನೂ ಸಿಗಲಿಲ್ಲ, ಅವನ ಹನ್ನೊಂದು ನಾಯಿಗಳೂ ಸಿಗಲಿಲ್ಲ. ಆ ಬೇಸಿಗೆಯಿಡೀ ಅವಳ ಅವ್ವ ಅವಳನ್ನು ಗುಡ್ಡಕ್ಕೆ ಹತ್ತಿಸಿ, "ಏನಾದ್ರೂ ಕಾಣ್ಸುತ್ತಾ ನೋಡು" ಅನ್ನುತ್ತಿದ್ದಳು. ಏನೂ ಕಾಣಿಸುತ್ತಿರಲಿಲ್ಲ. ಎಷ್ಟು ದಿನ ಬದುಕಿದ್ದ, ಯಾವ ಕಡೆಗೆ ಹೋದ ಎಂಬುದು ಯಾರಿಗೂ ತಿಳಿಯಲಿಲ್ಲ.

ನಪಾಚಿ ದೊಡ್ಡವಳಾಗಿ, ಶಾಲೆಯಲ್ಲಿ ಕಸ ಗುಡಿಸುವ ಕೆಲಸ ಹಿಡಿದು, ತಡವಾಗಿ ಒಬ್ಬ ಮಗಳನ್ನು ಹೆತ್ತಾಗ ಆ ಮಗುವಿಗೆ ಟುಕಿಕಿ ಎಂದೇ ಹೆಸರಿಟ್ಟಳು. ಅಲ್ಲಿನವರಲ್ಲಿ ಹೆಸರಿಗೆ ಗಂಡು ಹೆಣ್ಣಿನ ಭೇದವಿಲ್ಲ. ಸತ್ತವರಲ್ಲಿ ಯಾರ ಹೆಸರು ಬಂತೋ ಅವರೇ ಮರಳಿ ಬಂದಂತೆ. ಹಾಗಾಗಿ ತಾಯಿ ಮಗಳನ್ನು "ಅಪ್ಪಾ" ಎಂದು ಕರೆಯುತ್ತಿದ್ದಳು, ಮಗಳು ತಾಯಿಯನ್ನು "ಮಗಳೇ" ಅನ್ನುತ್ತಿದ್ದಳು. ಆ ಮಗುವಿಗೆ ನಡಿಗೆ ಬಂದದ್ದೇ ತಡ, ಸಮುದ್ರದ ಕಡೆಗೇ ಓಡಿತು. ಇಪ್ಪತ್ತನಾಲ್ಕು ತುಂಬುವಷ್ಟರಲ್ಲಿ ಊರಿನ ಒಳ್ಳೆಯ ಬೇಟೆಗಾರರ ಸಾಲಿನಲ್ಲಿ ಟುಕಿಕಿಯ ಹೆಸರೂ ಇತ್ತು.

ಊರಿನ ರಕ್ಷಣಾ ಸಮಿತಿಗೆ ಹತ್ತು ಉಪಗ್ರಹ ಟ್ರ್ಯಾಕರ್‌ಗಳು ಬಂದಾಗ, ಅವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಎದ್ದಿತು. ಸಮಿತಿಯ ಹಿರಿಯ ಸಕಿಯಾಸಿ, "ನಪಾಚಿಗೆ ಕೊಡಿ, ಹೆಂಗೂ ಇಡೀ ಊರಿನ ಚಿಂತೆ ಅವಳೇ ಮಾಡ್ತಾಳೆ" ಅಂದ. ಎಲ್ಲರೂ ನಕ್ಕರು. ಕೆಲಸ ಅವಳಿಗೇ ಬಂತು.

ಅಂಗೈಯಲ್ಲಿ ಹಿಡಿಸುವ ಕಿತ್ತಳೆ ಬಣ್ಣದ ಪೆಟ್ಟಿಗೆ ಅದು. ಆಕಾಶ ಕಾಣುವಂತೆ ಇಟ್ಟರೆ ಹತ್ತು ನಿಮಿಷಕ್ಕೊಮ್ಮೆ ತಾನಿರುವ ಜಾಗವನ್ನು ಹೇಳುತ್ತದೆ. ಸಮಿತಿಯ ಕೋಣೆಯಲ್ಲಿರುವ ಕಂಪ್ಯೂಟರಿನ ನಕ್ಷೆಯ ಮೇಲೆ ಒಂದೊಂದೇ ಚುಕ್ಕಿ ಬೀಳುತ್ತದೆ. ನಾಲ್ಕು ಮಾತು ಬರೆದು ಕಳಿಸಬಹುದು, ಅತ್ತಲಿಂದ ಉತ್ತರ ಬರುತ್ತದೆ. ಪೆಟ್ಟಿಗೆ ಒಯ್ಯುವವರನ್ನು ನಪಾಚಿ ಬಾಗಿಲ ಹೊರಗೆ ನಿಲ್ಲಿಸಿ, ಮೊದಲ ಚುಕ್ಕಿ ಬೀಳುವ ತನಕ ಬಿಡುತ್ತಿರಲಿಲ್ಲ.

ಅವಳ ತಮ್ಮ ಯೊವಾನಸಿಗೆ ಇದೊಂದು ದೊಡ್ಡ ತಮಾಷೆ. "ಅಕ್ಕಾ, ನಾನು ಉಚ್ಚೆ ಹೊಯ್ಯೋಕೆ ನಿಂತ ಜಾಗಾನೂ ಆಕಾಶಕ್ಕೆ ಗೊತ್ತಾಗ್ಬೇಕಾ?"

"ಗೊತ್ತಾಗ್ಲಿ. ಅಲ್ಲೇ ಜಾರಿ ಬಿದ್ರೆ ಹುಡುಕೋಕೆ ಅನುಕೂಲ. ಪೆಟ್ಟಿಗೆ ತಗೊಂಡಿದ್ದಕ್ಕೆ ಪುಸ್ತಕದಲ್ಲಿ ಸಹಿ ಹಾಕು."

ಹೋದ ವರ್ಷ ಮೇ ತಿಂಗಳ ಒಂದು ಶನಿವಾರ ಯೊವಾನಸಿಯೂ ಟುಕಿಕಿಯೂ ಸೀಲ್ ಬೇಟೆಗೆ ಹೊರಟರು. ಗಡ್ಡೆ ಮುಗಿದು ತೆರೆದ ನೀರು ಶುರುವಾಗುವ ಅಂಚು ಊರಿನಿಂದ ಎರಡು ಗಂಟೆಯ ದಾರಿ. ನಪಾಚಿ ಪೆಟ್ಟಿಗೆ ಕೊಡುತ್ತ, "ಹುಣ್ಣಿಮೆ ಹತ್ರ ಬಂತು, ಉಬ್ಬರ ಜೋರಿರುತ್ತೆ. ಬಡಗಾಳಿ ಎದ್ರೆ ತಿರುಗಿ ಬಂದುಬಿಡಿ" ಅಂದಳು.

"ಮಗಳೇ, ನಿನ್ನಪ್ಪನಿಗೇ ಪಾಠ ಹೇಳ್ತೀಯಾ?" ಎಂದು ಟುಕಿಕಿ ಅವಳ ಕೆನ್ನೆಗೆ ಮೂಗು ಒತ್ತಿ ಓಡಿದಳು. ಯೊವಾನಸಿಯ ಹಿಮದ ಮೋಟಾರುಬಂಡಿ ಹಿಂದೆ ಜಾರುಬಂಡಿಯನ್ನು ಎಳೆದುಕೊಂಡು ಗಡ್ಡೆಗೆ ಇಳಿಯಿತು.

ಮಧ್ಯಾಹ್ನದವರೆಗೆ ಚುಕ್ಕಿಗಳು ಸರಿಯಾಗಿಯೇ ಬೀಳುತ್ತಿದ್ದವು. ಒಂದು ಗಂಟೆಗೆ ಮುಂದೆ ಸರಿಯುವುದು ನಿಂತಿತು. ಚಹಾಕ್ಕೆ ನಿಂತಿರಬೇಕು ಎಂದು ನಪಾಚಿ ತಾನೂ ಕೆಟಲ್ ಇಟ್ಟಳು. ಹೊರಗೆ ಬಾವುಟದ ಹಗ್ಗ ಕಂಬಕ್ಕೆ ಟಪಟಪ ಬಡಿಯತೊಡಗಿತ್ತು. ಬಡಗಾಳಿ. ಬಂದು ನಕ್ಷೆ ನೋಡಿದಳು. ನಿಂತವರ ಚುಕ್ಕಿ ಒಂದರ ಮೇಲೊಂದು ಬೀಳಬೇಕು. ಇಲ್ಲಿ ಒಂದರ ಕೆಳಗೊಂದು ಬಿದ್ದಿತ್ತು. ಇನ್ನೂರು ಮೀಟರ್ ತೆಂಕಲಿಗೆ. ಮೆಷಿನ್ ತಪ್ಪಿರಬಹುದು ಅಂದುಕೊಂಡಳು. ಹತ್ತು ನಿಮಿಷ ಕಳೆದು ಮೂರನೆಯದು ಬಿತ್ತು: ಮತ್ತೆ ಇನ್ನೂರು ಮೀಟರ್, ಮತ್ತೆ ತೆಂಕಲು. ಬಂಡಿಯಲ್ಲಿ ಹೋಗುವವರು ಇಷ್ಟು ನಿಧಾನ ಹೋಗುವುದಿಲ್ಲ. ಬೇಟೆಗಾರ ಇಷ್ಟು ನೇರ ನಡೆಯುವುದಿಲ್ಲ.

ಅವರು ಕೂತಿದ್ದಾರೆ, ಅವರ ಕೆಳಗಿನ ನೆಲ ನಡೆಯುತ್ತಿದೆ. ಅದು ಅವರಿಗೆ ಗೊತ್ತಿಲ್ಲ, ಇಲ್ಲಿ ಕೂತ ತನಗೆ ಗೊತ್ತು.

"ಗಡ್ಡೆ ಒಡೆದಿದೆ. ಎದ್ದು ಬನ್ನಿ" ಎಂದು ಬರೆದು ಕಳಿಸಿದಳು. ತಲುಪಿತು ಎಂಬ ಗುರುತು ಬಂತು. ಉತ್ತರ ಬರಲಿಲ್ಲ. ಗಾಳಿಯ ಸದ್ದಿಗೆ ಪೆಟ್ಟಿಗೆಯ ಕಿಚ್ ದನಿ ಕೇಳಿಸಿರಲಿಕ್ಕಿಲ್ಲ. ಮತ್ತೆ ಕಳಿಸಿದಳು, ಮತ್ತೆ ಕಳಿಸಿದಳು. ನಾಲ್ಕನೇ ಚುಕ್ಕಿ ಬಿತ್ತು. ಐದನೆಯದೂ ಬಿತ್ತು. ಅವಳು ಕುರ್ಚಿಯಿಂದ ಎದ್ದು ಗೋಡೆಗೆ ಆತು ನಿಂತಳು.

ಕೊನೆಗೆ ಬಂತು: "ಮಗಳೇ, ಚಹಾ ಕುಡೀತಿದೀವಿ. ಏನೂ ಒಡೆದಿಲ್ಲ. ಮಾವ ನಗ್ತಿದಾನೆ."

"ನಗೋದು ಆಮೇಲೆ. ಬಂದ ದಾರೀಲಿ ವಾಪಸ್ ಹೋಗಿ ನೋಡಿ. ಈಗಲೇ."

ಹದಿನೈದು ನಿಮಿಷ ಕಳೆಯಿತು. ನಂತರ ಬಂದದ್ದು ಮೂರು ಮಾತು: "ನೀರು. ತುಂಬಾ ಅಗಲ."

ನಪಾಚಿ ಪೆಟ್ಟಿಗೆಯ ಆಪತ್ತಿನ ಗುಂಡಿ ಒತ್ತಲು ಅವರಿಗೆ ಹೇಳಿದಳು, ಊರಿನ ರೇಡಿಯೋದಲ್ಲಿ ಸುದ್ದಿ ಹೇಳಿದಳು, ದೂರದ ರಕ್ಷಣಾ ಕೇಂದ್ರಕ್ಕೆ ಫೋನ್ ಮಾಡಿದಳು. ವಿಮಾನ ಬರಲು ಐದಾರು ಗಂಟೆ ಬೇಕು, ಬಂದರೂ ಸಮುದ್ರದ ಮೇಲೆ ದಟ್ಟ ಮಂಜಿನ ಕಾವಳ ಕವಿಯುತ್ತಿದೆ, ಇಳಿಯುವುದು ಕಷ್ಟ ಎಂದರು. ಸಕಿಯಾಸಿ ಓಡಿಬಂದ. ಅವನ ಹಿಂದೆಯೇ ಮುದುಕ ಪಡ್ಲುಕ್ ಕೋಲೂರಿಕೊಂಡು ಬಂದ. ಎಪ್ಪತ್ತೆಂಟು ವರ್ಷ ಅವನಿಗೆ. ಆ ಪೆಟ್ಟಿಗೆಗಳನ್ನು ಬೆಂಕಿಪೊಟ್ಟಣ ಎಂದು ಹೀಯಾಳಿಸುತ್ತಿದ್ದವನು ಈಗ ನಕ್ಷೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ.

"ಎಲ್ಲಾ ಚುಕ್ಕಿ ತೋರ್ಸು. ಮೊದಲಿಂದ." ಬೆರಳಿಟ್ಟು ಒಂದೊಂದನ್ನೇ ಸವರಿದ. "ಗಾಳಿ ನಾಕು ಗಂಟೆಗೆ ಬಿದ್ದೋಗುತ್ತೆ. ಆಮೇಲೆ ಉಬ್ಬರ ಈ ಗಡ್ಡೇನ ಪಡುವಲಿಗೆ ತಳ್ಳುತ್ತೆ. ಆರು ಗಂಟೆಗೆ ಕರಿಮೂತಿ ಬಂಡೆ ಹತ್ರ ದಡಕ್ಕೆ ಅಂಟಿರೋ ಗಡ್ಡೆಗೆ ಉಜ್ಜಿಕೊಂಡು ಹೋಗುತ್ತೆ. ನಿಲ್ಲಲ್ಲ ಅದು, ಉಜ್ಜಿಕೊಂಡು ಹೋಗುತ್ತೆ ಅಷ್ಟೆ. ಗಡ್ಡೆಯ ಬಡಗು ಮೂಲೇಲಿ ಕಾದು, ತಾಗಿದ ತಕ್ಷಣ ದಾಟಬೇಕು ಅಂತ ಬರಿ."

"ಗಾಳಿ ಬೀಳದಿದ್ರೆ, ಅಜ್ಜಾ?" ಎಂದ ಸಕಿಯಾಸಿ.

ಮುದುಕ ಕೋಲಿನಿಂದ ಬಾಗಿಲು ತೋರಿಸಿದ. "ಹಗ್ಗ, ಚಿಕ್ಕ ದೋಣಿ ಎತ್ಕೋ. ನಾನೂ ಬರ್ತೀನಿ. ನಪಾಚಿ, ನೀನೂ ಹತ್ತು."

"ನಾನಾ? ನಾನು ಬರಲ್ಲ ಅಜ್ಜಾ. ನನ್ನಿಂದ ಆಗಲ್ಲ."

"ಅಲ್ಲಿಂದ ಅವರ ಜೊತೆ ಮಾತಾಡೋದು ಯಾರು? ನನಗೆ ಆ ಗುಂಡಿ ಒತ್ತೋಕೆ ಬರಲ್ಲ. ಸಕಿಯಾಸಿ ಕೈಗೆ ಬಂಡಿ ಓಡ್ಸೋದೇ ಸಾಕು."

ನಪಾಚಿ ಇನ್ನೊಂದು ಪೆಟ್ಟಿಗೆ ತೆಗೆದುಕೊಂಡಳು. ಅದನ್ನು ಫೋನಿಗೆ ಜೋಡಿಸಿದರೆ ಅದರಲ್ಲೇ ಮಾತೂ ಬರುತ್ತಿತ್ತು, ಮಗಳ ಚುಕ್ಕಿಯೂ ಕಾಣುತ್ತಿತ್ತು. ಜಾರುಬಂಡಿಯ ಮೇಲೆ ಜಿಂಕೆ ಚರ್ಮದ ಕೆಳಗೆ ಮುದುಕನ ಪಕ್ಕ ಮುದುಡಿ ಕೂತಳು. ದಡದ ಏರುತಗ್ಗುಗಳನ್ನು ದಾಟಿ ಬಂಡಿ ಸಮತಟ್ಟಾದ ಗಡ್ಡೆಗೆ ಇಳಿದಾಗ ಅವಳು ಕಣ್ಣು ಮುಚ್ಚಿದಳು. ಹಲಗೆಯ ಕೆಳಗಿನ ಸದ್ದೇ ಬದಲಾಗಿತ್ತು, ಖಾಲಿ ಡಬ್ಬಿಯ ಮೇಲೆ ಓಡಿದ ಹಾಗೆ. ಒಮ್ಮೆ ವಾಂತಿ ಮಾಡಿಕೊಂಡಳು. ಪಡ್ಲುಕ್ ತನ್ನ ಕೈಗವಸಿನಿಂದ ಅವಳ ಬಾಯಿ ಒರೆಸಿದ.

ಕರಿಮೂತಿ ಸೇರುವಾಗ ಐದೂವರೆ. ಗಾಳಿ ಬಿದ್ದಿತ್ತು. ಆದರೆ ಕಾವಳ ನೀರಿನ ಮೇಲೆ ಗೋಡೆಯಂತೆ ನಿಂತಿತ್ತು. ಮೂವತ್ತು ಹೆಜ್ಜೆಯಾಚೆ ಏನೂ ಇಲ್ಲ. ಅಂಚಿನ ಗಡ್ಡೆ ಉಬ್ಬರಕ್ಕೆ ನಿಧಾನ ಏರಿಳಿಯುತ್ತಿತ್ತು. ಸಕಿಯಾಸಿ ಉದ್ದನೆಯ ಕಬ್ಬಿಣದ ಕೋಲಿನಿಂದ ಕುಟ್ಟಿ ಕುಟ್ಟಿ ನೋಡಿ, "ಇದರಿಂದಾಚೆ ಯಾರೂ ಬರಬೇಡಿ" ಎಂದು ಗೆರೆ ಎಳೆದ.

ಟುಕಿಕಿಯಿಂದ ಮಾತು ಬಂತು: "ಮೂಲೆಗೆ ಬಂದಿದೀವಿ. ಸದ್ದು ಕೇಳ್ತಿದೆ."

ಅವರಿಗೂ ಕೇಳಿಸಿತು. ಮೊದಲು ದೂರದ ಗುಡುಗು, ಆಮೇಲೆ ಹಲ್ಲು ಮಸೆದಂತೆ. ಗಡ್ಡೆಗೆ ಗಡ್ಡೆ ತಾಗಿ ಪುಡಿಯಾಗುತ್ತಿತ್ತು. ನಪಾಚಿಯ ಕಾಲಕೆಳಗಿನ ಹಿಮ ನಡುಗಿತು. ಎಲ್ಲೋ ಬಂದೂಕು ಹಾರಿದಂತೆ ಒಂದು ಬಿರುಕು ಓಡಿತು. "ತಾಗಿತು," ಎಂದ ಪಡ್ಲುಕ್. "ಈಗ ದಾಟಬೇಕು. ಬರಿ."

"ಈಗ ದಾಟು ಅಪ್ಪಾ" ಎಂದು ಬರೆದಳು. ಉತ್ತರವಿಲ್ಲ. ಮೂವರೂ ಕೂಗಿದರು. ಕಾವಳ ಕೂಗನ್ನು ನುಂಗಿತು. ಮಸೆಯುವ ಸದ್ದು ಪಡುವಲಿಗೆ ಸರಿದು, ಸಣ್ಣಗಾಗಿ, ನಿಂತಿತು.

ಆರೂ ಹತ್ತಕ್ಕೆ ಚುಕ್ಕಿ ಬಿತ್ತು. ತೇಲುವ ಗಡ್ಡೆಯ ಮೇಲೆಯೇ. ಆರೂ ಇಪ್ಪತ್ತಕ್ಕೆ ಇನ್ನೊಂದು: ಕರಿಮೂತಿಯನ್ನು ದಾಟಿ, ದಡದಿಂದ ದೂರ. ಆರೂವರೆಗೆ ಮತ್ತೂ ದೂರ. ಅವಳು ಬರೆಯುತ್ತಲೇ ಇದ್ದಳು: ಎಲ್ಲಿದೀಯ, ಎಲ್ಲಿದೀಯ. ಎಲ್ಲ ತಲುಪಿದವು, ಯಾವುದಕ್ಕೂ ಉತ್ತರ ಬರಲಿಲ್ಲ. ಸಕಿಯಾಸಿ ಫೋನನ್ನು ಇಣುಕಿ ನೋಡಿ ಟೊಪ್ಪಿ ತೆಗೆದ. ಆ ಟೊಪ್ಪಿ ತೆಗೆದದ್ದನ್ನು ಕಂಡ ನಪಾಚಿ ಅವನು ಎಳೆದ ಗೆರೆಯನ್ನು ದಾಟಿ ಅಂಚಿನ ಕಡೆಗೆ ಓಡಿ, "ಅಪ್ಪಾ! ಅಪ್ಪಾ!" ಎಂದು ಕಿರುಚಿದಳು. ಒಂಬತ್ತು ವರ್ಷದ ಹುಡುಗಿಯ ದನಿ ಅದು. ಸಕಿಯಾಸಿ ಹಿಂದಿನಿಂದ ಅವಳ ಸೊಂಟ ಹಿಡಿದು ಎಳೆದ. ಇಬ್ಬರೂ ಬಿದ್ದರು.

"ಸುಮ್ನಿರಿ!" ಎಂದು ಪಡ್ಲುಕ್ ಗದರಿಸಿದ. "ಏನೋ ಕೇಳ್ತು."

ಪಡುವಣ ಕಡೆಯ ಕಾವಳದಲ್ಲಿ ಒಂದು ಕಪ್ಪು ಮುದ್ದೆ ಕಾಣಿಸಿತು. ಕರಡಿಯಿರಬಹುದೆಂದು ಸಕಿಯಾಸಿ ಬಂದೂಕಿಗೆ ಕೈಹಾಕಿದ. ಮುದ್ದೆ ಎರಡಾಯಿತು. ಟುಕಿಕಿ ಬಗ್ಗಿ ಬಗ್ಗಿ ನಡೆಯುತ್ತಿದ್ದಳು. ಅವಳ ಹೆಗಲಿಗೆ ಕಟ್ಟಿದ ಹಗ್ಗದ ತುದಿಯಲ್ಲಿ ಯೊವಾನಸಿ ತೆವಳಿಕೊಂಡು ಬರುತ್ತಿದ್ದ, ಎದೆಯವರೆಗೆ ಒದ್ದೆ, ಗಡ್ಡವೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಗಡ್ಡೆ ತಾಗಿದ್ದು ಇವರು ಕಾದಿದ್ದ ಕಡೆಯಲ್ಲಿ ಆಗಿರಲಿಲ್ಲ, ಕೂಗಳತೆಗೂ ಆಚೆ ಆಗಿತ್ತು. ಟುಕಿಕಿ ಹಾರಿದ್ದಳು. ಯೊವಾನಸಿ ಹಾರುವಷ್ಟರಲ್ಲಿ ಅಂಚು ಕುಸಿದು ನೀರಿಗೆ ಬಿದ್ದಿದ್ದ. ಎರಡು ಗಡ್ಡೆಗಳ ನಡುವೆ ಅವನು ಅರೆದುಹೋಗುವ ಮೊದಲು ಅವಳು ಕೊರಳಪಟ್ಟಿ ಹಿಡಿದು ಎಳೆದುಕೊಂಡಿದ್ದಳು. ಬಂಡಿ ತೇಲುವ ಗಡ್ಡೆಯ ಮೇಲೇ ಉಳಿಯಿತು. ಆಕಾಶ ಕಾಣಲಿ ಎಂದು ಬಂಡಿಯ ಮುಂದಿನ ಗಾಜಿಗೆ ಕಟ್ಟಿದ್ದ ಟ್ರ್ಯಾಕರ್ ಕೂಡ ಅಲ್ಲೇ ಉಳಿಯಿತು.

ನಪಾಚಿ ಮಗಳನ್ನು ಅಪ್ಪಲಿಲ್ಲ. ಎರಡೂ ಮುಷ್ಟಿಯಿಂದ ಅವಳ ಎದೆಗೆ ಗುದ್ದಿದಳು. "ಉತ್ತರ ಯಾಕೆ ಕೊಡ್ಲಿಲ್ಲ? ಯಾಕೆ ಕೊಡ್ಲಿಲ್ಲ ನೀನು?"

"ಕೈಲಿ ಮಾವ ಇದ್ದ, ಅವ್ವಾ," ಎಂದಳು ಟುಕಿಕಿ. ಹುಟ್ಟಿದಾಗಿನಿಂದ ಅವಳು ತಾಯಿಯನ್ನು ಅವ್ವಾ ಎಂದದ್ದು ಅದೇ ಮೊದಲು. ಆಮೇಲೆ ಅಲ್ಲೇ ಕುಸಿದು ಅಳತೊಡಗಿದಳು.

ಯೊವಾನಸಿಯ ಬಟ್ಟೆ ಕಿತ್ತು, ನಪಾಚಿ ತನ್ನ ಮೇಲಂಗಿಯನ್ನೇ ತೊಡಿಸಿ, ಅವನ ಪಾದಗಳನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಹಲ್ಲು ಕಟಕಟ ಅನ್ನುತ್ತಲೇ ಅವನು, "ಅಕ್ಕಾ... ಪೆಟ್ಟಿಗೆ ವಾಪಸ್ ಕೊಡೋಕೆ ಆಗ್ಲಿಲ್ಲ... ಸಹಿ ನಂದೇ" ಅಂದ.

"ಬಾಯ್ಮುಚ್ಚು, ಮೂದೇವಿ" ಅಂದಳು ಅಕ್ಕ, ಅಳುತ್ತ.

ಅವನ ಎಡಗಾಲಿನ ಎರಡು ಬೆರಳು ಹೋದವು. ಬೇಟೆಯ ಬಂಡಿಯೂ ಹೋಯಿತು. ಗಾಜಿಗೆ ಕಟ್ಟಿದ್ದ ಟ್ರ್ಯಾಕರ್ ಮಾತ್ರ ಇನ್ನೂ ನಾಲ್ಕು ದಿನ ಚುಕ್ಕಿ ಕಳಿಸುತ್ತಲೇ ಇತ್ತು. ಮೊದಲು ಪಡುವಲಿಗೆ, ಮತ್ತೆ ತೆಂಕಲಿಗೆ, ಆಮೇಲೆ ಮೂಡಲಿಗೆ ತಿರುಗಿ ದೊಡ್ಡ ಸಾಗರದ ಕಡೆಗೆ. ಪಡ್ಲುಕ್ ದಿನವೂ ಬಂದು, ನೀರಿನ ಓಟ ಕಲಿಯುತ್ತೇನೆ ಎಂದು ಕಾಗದದ ಮೇಲೆ ಅದನ್ನು ಗುರುತು ಹಾಕಿಕೊಂಡ. ನಪಾಚಿ ಎರಡನೇ ದಿನದಿಂದ ಆ ಕಡೆ ನೋಡಲಿಲ್ಲ. ಐದನೇ ದಿನ ಚುಕ್ಕಿ ಬೀಳಲಿಲ್ಲ ಎಂದು ಮುದುಕ ಹೇಳಿದಾಗ, ಹೂಂ ಎಂದು ಚಹಾ ಬಸಿದು ಕೊಟ್ಟಳು.

ಮೂರು ವಾರ ಕಳೆದು ಟುಕಿಕಿ ಸಮಿತಿಯ ಕೋಣೆಯ ಬಾಗಿಲಲ್ಲಿ ನಿಂತಳು. ಸಕಿಯಾಸಿಯ ಬಂಡಿಯಲ್ಲಿ ಅಂಚಿಗೆ ಹೊರಟಿದ್ದಳು. ನಪಾಚಿ ಬೇಡ ಎನ್ನಲಿಲ್ಲ. ಪೆಟ್ಟಿಗೆಯನ್ನು ಬಂಡಿಗೆ ಕಟ್ಟದೆ ಮಗಳ ಎದೆಯ ಮೇಲೆ, ಮೇಲಂಗಿಯ ಹೊರಗೆ, ತಾನೇ ಎರಡು ಗಂಟು ಹಾಕಿ ಕಟ್ಟಿದಳು. ಎರಡನೇ ಗಂಟಿಗೆ ಬಹಳ ಹೊತ್ತು ಹಿಡಿಯಿತು. ಟುಕಿಕಿ ಅಲುಗಾಡದೆ ನಿಂತಿದ್ದಳು, ಹೊರಗೆ ಹೋಗಿ ಮೊದಲ ಚುಕ್ಕಿ ಬೀಳುವವರೆಗೂ ತಾನಾಗಿಯೇ ಕಾದಳು.