ಡಾಕ್ಟರಿಗೆ ಬೇಜಾರಾಗಬಾರದು

ಸಟ್ಟುಗ ಕೈಜಾರಿ ದೋಸೆಯ ಮೇಲೇ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ. ಕೀಲುವಾತ, ರುಮಟಾಯ್ಡ್ ಆರ್ಥ್ರೈಟಿಸ್ ಎಂದರು ಡಾಕ್ಟರು.

ಅವರು ಹೊರಗಿನವರಲ್ಲ. ನಾಸಿಕ್‌ನಲ್ಲಿ ನಮ್ಮ ಹೋಟೆಲು ಶುರುವಾದಾಗಿನಿಂದ ಬೆಳಗಿನ ಇಡ್ಲಿಗೆ ಬರುವವರು. ನನ್ನನ್ನು ಮರಾಠಿಯಲ್ಲಿ ವಹಿನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಾರೆ. ವಾರಕ್ಕೊಮ್ಮೆ ಹೋಗುವ ಸಂಭಾಜಿನಗರದ ಆಸ್ಪತ್ರೆಯಲ್ಲಿ ಹೊಸ ಔಷಧಿಯ ಟ್ರಯಲ್ ನಡೆಸುತ್ತಿದ್ದೇನೆ, ಸೇರುವುದೂ ಬಿಡುವುದೂ ನಿಮ್ಮ ಇಷ್ಟ ಎಂದು ನಿಧಾನವಾಗಿ ವಿವರಿಸಿದರು. ಮನೆಯವರಂತಿರುವ ಮನುಷ್ಯ ಬಾಯಿಬಿಟ್ಟು ಕೇಳಿದ ಮೇಲೆ ನನ್ನ ಇಷ್ಟ ಎಲ್ಲಿಂದ ಬರಬೇಕು? ಸಹಿ ಹಾಕಿದೆ.

ಬೆರಳು ಸ್ವಲ್ಪ ಸಡಿಲವಾದವು. ಡಾಕ್ಟರ ಮುಖ ಅರಳಿತು. ಆಮೇಲೆ ವಾಕರಿಕೆ ಶುರುವಾಯಿತು. ತಲೆಸುತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ. ಸಂಭಾಜಿನಗರದ ಬಸ್ಸಿನಲ್ಲಿ ಕೂತು, ಇವತ್ತು ಹೇಳಿಯೇ ಬಿಡಬೇಕು ಎಂದು ದಾರಿಯುದ್ದಕ್ಕೂ ಚಡಪಡಿಸುತ್ತಿದ್ದೆ. ಒತ್ತಾಯ ಮಾಡಿದ್ದರೆ ಜಗಳವಾಡಿಯಾದರೂ ಬಿಡುತ್ತಿದ್ದೆ. ಅವರು ಆಸೆಯಿಂದ ನೋಡುತ್ತಿದ್ದರು, ಅಷ್ಟೆ. ಹೇಗಿದ್ದೀರಿ ಎಂದು ಕೇಳಿದರೆ ನನ್ನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು.

ಚೆನ್ನಾಗಿದ್ದೇನೆ.

ಕೊನೆಗೆ ಒಲೆಯ ಪಕ್ಕದಲ್ಲೇ ಕುಸಿದುಬಿದ್ದೆ. ಎಚ್ಚರವಾದ ಮೇಲೆ ಗಂಡನಿಗೆ ಎಲ್ಲ ಹೇಳಿದೆ. ಅವರಿಗೆ ಸಿಟ್ಟು ನೆತ್ತಿಗೇರಿತು.

"ಡಾಕ್ಟರಿಗೆ ಬೇಜಾರಾಗ್ತದೆ ಅಂತ ನೀನು ಸಾಯುವುದಾ ಮಾರಾಯ್ತಿ?"

ಅವರೇ ಫೋನ್ ಮಾಡಿ ತಿಳಿಸಿದ ಮೇಲೆ ಡಾಕ್ಟರು ಆ ದಿನವೇ ಔಷಧಿ ನಿಲ್ಲಿಸಿದರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. "ನಾನೇ ಬಂದು ಕೇಳಬಾರದಿತ್ತು ವಹಿನಿ" ಎಂದು ಮರಾಠಿಯಲ್ಲಿ ಹೇಳಿ ತಲೆ ತಗ್ಗಿಸಿದರು. ನನಗೆ ಅಳು ಬಂತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವರು ಒಳಗೆ ಬರಲೇ ಇಲ್ಲ. ನನ್ನ ಮುಂದೆ ಕೂತದ್ದು ಅವರು ತಮ್ಮ ಬದಲು ಕಳಿಸಿದ್ದ ಯಾರೋ ಗುರುತಿಲ್ಲದ ಹೆಂಗಸು. ನಮ್ಮ ಹೋಟೆಲು ಕಂಡವಳಲ್ಲ, ನನ್ನ ಚಟ್ನಿ ಹೊಗಳಿದವಳಲ್ಲ. ಡೋಸ್ ಕಡಿಮೆ ಮಾಡಿ ಮುಂದುವರಿಯಬಹುದು, ಬಿಡಲೂಬಹುದು, ಏನು ಮಾಡುತ್ತೀರಿ ಎಂದು ಕೇಳಿದಳು. ಅವಳ ಮುಂದೆ ನನಗೆ ಯಾವ ದಾಕ್ಷಿಣ್ಯವೂ ಇರಲಿಲ್ಲ.

ಬಿಡುತ್ತೇನೆ ಎಂದೆ.

ಬಸ್ಸಿನಲ್ಲಿ ಮತ್ತೆ ಅದೇ ಚಡಪಡಿಕೆ. ಇನ್ನು ಅವರು ನಮ್ಮ ಹೋಟೆಲಿಗೆ ಬರುತ್ತಾರೋ ಇಲ್ಲವೋ. ಬೆಳಿಗ್ಗೆ ಹಿಟ್ಟು ಹುಯ್ಯುವಾಗಲೂ ಕಣ್ಣು ಬಾಗಿಲ ಕಡೆಗೇ ಇತ್ತು.

ಬಂದರು. ಎಂದಿನ ಜಾಗದಲ್ಲಿ ಕೂತರು. ಹೇಗಿದ್ದೀರಿ ವಹಿನಿ ಎಂದು ಕೇಳಿದರು.

ಈಗ ಟ್ರಯಲ್‌ಗೆ ಮೊದಲಿನ ಹಳೆಯ ಮಾತ್ರೆಗಳೇ. ಬೆಳಗಿನ ಹೊತ್ತು ಬೆರಳು ಬಿಗಿದುಕೊಳ್ಳುತ್ತವೆ.

ತುಂಬಾ ನೋಯುತ್ತಿದೆ ಎಂದೆ.

ಅವರು ಇಡ್ಲಿಯ ತಟ್ಟೆ ಪಕ್ಕಕ್ಕೆ ಸರಿಸಿ, ಕೈ ಇಲ್ಲಿ ಕೊಡಿ ಎಂದರು.